ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ

ಹೋದ ತಿಂಗಳು ತಂಗಿಯ ಮಗಳು ರಜೆಗೆ ಬಂದವಳು ದಿವಾನದ ಮೇಲೆ ಒಂದು ಪುಸ್ತಕ ಬಿಟ್ಟು ಸ್ನಾನಕ್ಕೆ ಹೋಗಿದ್ದಳು. ಜಪಾನಿನ ಚಿತ್ರಕಥೆ. ಮಂಗಾ ಎನ್ನುತ್ತಾರಂತೆ. ತೆರೆದಾಗ ಅಗ್ಗದ ಕಾಗದದ, ಮಸಿಯ ವಾಸನೆ ಬಂತು. ಹೈಸ್ಕೂಲಿನ ಒಬ್ಬ ಹುಡುಗ, ಒಬ್ಬ ಹುಡುಗಿ. ಮೂರನೆಯ ಸಂಪುಟವಾದರೂ ಕೈ ಹಿಡಿದಿಲ್ಲ. ಅವಳು ತಲೆ ಒರೆಸಿಕೊಳ್ಳುತ್ತ ಬಂದಾಗ “ಇದರಾಗ ಏನೂ ಆಗಂಗಿಲ್ಲಲ್ಲ?” ಎಂದು ಕೇಳಿದೆ. ಈ ಪ್ರಶ್ನೆಯನ್ನು ಹಿಂದೆ ಇನ್ನೊಬ್ಬರಿಗೂ ಕೇಳಿದ್ದೆ ಎಂಬುದು ಆಮೇಲೆ ಹೊಳೆಯಿತು...

ಎಂಬತ್ತರ ದಶಕದ ಕೊನೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಸಿಂಧನೂರಿನ ಮನೆಗೆ ಮರಳಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ಓಣಿಯವರ ಕುಪ್ಪಸ ಹೊಲಿಯುತ್ತಿದ್ದರು. ಗಂಡ ಲಾರಿ ಚಾಲಕ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಮಗಳು, ಒಂಬತ್ತನೇ ತರಗತಿ.

ಅಕ್ಕ ಒಂದು ವಾರಪತ್ರಿಕೆ ತರಿಸುತ್ತಿದ್ದರು. ಅದರಲ್ಲಿ ಒಂದು ಚಿತ್ರ ಧಾರಾವಾಹಿ ಬರುತ್ತಿತ್ತು. ಬರುತ್ತಿತ್ತು ಎಂದೇ ನನ್ನ ನೆನಪು. ಮುಂದೊಮ್ಮೆ ಗ್ರಂಥಾಲಯವೊಂದರಲ್ಲಿ ಆ ಕಾಲದ ಸಂಚಿಕೆಗಳನ್ನು ತಿರುವಿ ಹಾಕಿದೆ, ಸಿಗಲಿಲ್ಲ. ಎರಡು ಜಡೆಯ ಹುಡುಗಿ, ಶಾಲೆಯ ಸೈಕಲ್ ಸ್ಟ್ಯಾಂಡು, ಉದ್ದ ಕತ್ತಿನ ಹುಡುಗ, ಇಷ್ಟು ಮಾತ್ರ ಸ್ಪಷ್ಟವಾಗಿದೆ. ಉಳಿದದ್ದನ್ನು ನಾನೇ ಸೇರಿಸಿಕೊಂಡಿರಬಹುದು.

ಮಧ್ಯಾಹ್ನ ಓಣಿಯ ಹೆಂಗಸರು ಅಕ್ಕನ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಅಕ್ಕ ಗಟ್ಟಿಯಾಗಿ ಓದಿ, ಪುಟ ತಿರುಗಿಸಿ ಚಿತ್ರ ತೋರಿಸುತ್ತಿದ್ದರು.

“ಆ ಹುಡುಗ ಇವತ್ತರ ಬಾಯಿ ಬಿಟ್ಟನೋ ಇಲ್ಲೋ?” ಎಂದು ಒಬ್ಬಾಕೆ ಕೇಳುತ್ತಿದ್ದಳು.

“ಇಲ್ಲ ಬೇ, ಆಕಿ ಕಂಪಾಸ್ ಬಾಕ್ಸ್ ಬಿಟ್ಟು ಹೋಗಿದ್ಲಲ್ಲ, ಅದನ್ನ ಕೊಟ್ಟ.”

“ಅಷ್ಟನ? ಹೋದ ವಾರ ಅದನ್ನ ಕೈಯಾಗ ಹಿಡ್ಕೊಂಡು ನಿಂತಿದ್ದ. ಇವ ಮಾತಾಡೂದ್ರಾಗ ನನ್ನ ಹಲ್ಲು ಉದುರ್ತಾವ!”

ಕೇರಿದ ಅಕ್ಕಿ ಚೆಲ್ಲುವಷ್ಟು ನಗುತ್ತಿದ್ದರು. ಆದರೂ ಮುಂದಿನ ವಾರ ಎಲ್ಲರೂ ಬಂದು ಕೂರುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ನಾಲ್ಕು ಪುಸ್ತಕ ಓದಿ ಬಂದ ನನಗೆ ಇದು ವಿಚಿತ್ರವೆನಿಸಿತ್ತು. ಒಂದು ದಿನ ಅಕ್ಕ ಒಬ್ಬರೇ ಇದ್ದಾಗ ಕೇಳಿದೆ: “ಅಕ್ಕಾ, ಏನೂ ಆಗದ ಕಥಿ ಏನಂತ ಓದ್ತೀರಿ?”

ಹೊಲಿಗೆ ಯಂತ್ರದ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದರು. “ಇದರಾಗ ಆಕಿ ಇನ್ನಾ ಸಾಲಿಗೆ ಹೋಗಾಕತ್ತಾಳ ತಮ್ಮಾ. ಪ್ರತಿ ವಾರ ತೆಗೆದು ನೋಡ್ತೀನಿ. ಇನ್ನಾ ಹೋಗಾಕತ್ತಾಳ.” ಸೂಜಿಯ ಕೆಳಗಿನ ಬಟ್ಟೆ ಸರಿಪಡಿಸುತ್ತ ಹೇಳಿದರು: “ನನ್ನ ನೋಡಾಕ ಮುಂಜಾನಿ ಬಂದ್ರು, ಮಧ್ಯಾಹ್ನ ಉಂಡ್ರು, ಸಂಜಿಗೆ ನಾ ಬ್ಯಾರೆ ಮನಿಯಾಕಿ ಆಗಿದ್ದೆ.”

ಅಕ್ಕನಿಗೆ ಅಪ್ಪ ಅಮ್ಮ ಇರಲಿಲ್ಲ. ತವರು ಎಂದರೆ ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಒಬ್ಬನೇ ತಮ್ಮ. ಅಕ್ಕನೇ ಎತ್ತಿ ಆಡಿಸಿ ಬೆಳೆಸಿದವನು. ಪ್ರತಿ ವರ್ಷ ನಾಗರ ಪಂಚಮಿಗೆ ತಪ್ಪದೆ ಬಸ್ಸಿಗೆ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯುತ್ತಿದ್ದ. ನಮ್ಮ ಕಡೆ ಅಕ್ಕನ ಮಗಳ ಮೇಲೆ ತಮ್ಮನಿಗೇ ಮೊದಲ ಹಕ್ಕು. ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಎರಡೂ ಮನೆಯವರು ಹಾಗೆ ಮಾತಾಡಿಕೊಂಡಿದ್ದರು.

ಆ ಬೇಸಿಗೆಯಲ್ಲಿ ಆತ ಸೀರೆ, ಕಾಯಿ, ಹೂವು ಹಿಡಿದು ಬಂದ. ನಾನು ಪತ್ರಿಕೆ ಹಿಂತಿರುಗಿಸಲು ಹೋಗಿ ಚಹಾಕ್ಕೆ ಕುಳಿತಿದ್ದೆ. ಅಥವಾ ಅಂಗಳದಲ್ಲಿ ನಿಂತು ಕೇಳಿಸಿಕೊಂಡೆನೋ... ಮಾತುಗಳು ಮಾತ್ರ ನನ್ನಲ್ಲಿ ಉಳಿದಿವೆ.

“ಈ ವರ್ಷ ಮುಗಿಸಿಬಿಡೂಣು ಅಕ್ಕಾ.”

“ಹತ್ತನೇತ್ತಿ ಆಗ್ಲಿ.”

“ಹತ್ತನೇತ್ತಿ ಕಲ್ತು ಕಲೆಕ್ಟರ್ ಆಗ್ತಾಳೇನು? ಹೊರಗಿನವರಿಗೆ ಕೊಡೂ ವಿಚಾರ ಐತೇನು ನಿಂದು?”

“ಹೊರಗಿನವ್ರಿಗೂ ಇಲ್ಲ, ಒಳಗಿನವ್ರಿಗೂ ಇಲ್ಲ. ಆಕಿ ಇನ್ನಾ ಒಂಬತ್ತನೇತ್ತಿ ಅದಾಳ.”

“ನೀನೂ ಒಂಬತ್ತನೇತ್ತ್ಯಾಗ ಇದ್ದಿ.”

“ಹೂಂ. ಇದ್ದೆ.”

ಆತ ಗೂಡಿನಲ್ಲಿದ್ದ ಪತ್ರಿಕೆಗಳ ಕಡೆ ಕೈ ತೋರಿಸಿ, “ಅವನ್ನ ಓದಿ ನಿನ್ನ ತಲಿ ಕೆಟ್ಟೈತಿ” ಎಂದ. “ಬ್ಯಾಡ ಅಂದ್ರ ಬ್ಯಾಡ ಅನ್ನು. ಮತ್ತ ಈ ಹೊಸ್ತಿಲಾ ತುಳಿಯಂಗಿಲ್ಲ ನಾ.”

ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅಕ್ಕ ಏಳಲಿಲ್ಲ. “ಬ್ಯಾಡ” ಎಂದರು. ಆತ ಸೀರೆ ಎತ್ತಿಕೊಂಡು ಹೋದ. ಕಾಯಿ, ಹೂವು ಅಲ್ಲೇ ಉಳಿದವು. ಮರುದಿನ ಮನೆಗೆ ಬಂದ ಗಂಡ, “ಅಕ್ಕ-ತಮ್ಮರ ನಡುವ ನಾ ಬರಂಗಿಲ್ಲ” ಎಂದಷ್ಟೇ ಹೇಳಿ ಉಂಡು ಮಲಗಿದನಂತೆ. ನನ್ನ ತಾಯಿ ಹೇಳಿದ್ದು.

ಆ ವರ್ಷ ಪಂಚಮಿಗೆ ಮಸ್ಕಿಯಿಂದ ಯಾರೂ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿದ್ದರು. ಅಕ್ಕ ತಲೆ ಎರೆದುಕೊಂಡು, ಒಗೆದಿಟ್ಟ ಸೀರೆ ಉಟ್ಟು, ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ಕುಳಿತಿದ್ದರು. ಬಸ್ಸು ಬಂದು ಹೋಯಿತು. ಸಂಜೆ ನಮ್ಮ ಮನೆಗೆ ಒಂದು ತಟ್ಟೆ ಶೇಂಗಾ ಉಂಡಿ ತಂದುಕೊಟ್ಟರು. “ತವರ ಉಂಡಿ ಅಲ್ಲ ತಮ್ಮಾ, ನಾನ ಕಟ್ಟೀನಿ. ತಿನ್ನು.” ತಿಂದೆ. ಬೆಲ್ಲ ಹೆಚ್ಚಾಗಿತ್ತು.

ಅದರ ಮುಂದಿನ ವರ್ಷವೂ ಯಾರೂ ಬರಲಿಲ್ಲ. ಅಷ್ಟರಲ್ಲಿ ನನಗೆ ಕೆಲಸ ಸಿಕ್ಕು ಊರು ಬಿಟ್ಟಿದ್ದೆ. ಆಮೇಲಿನ ಪಂಚಮಿಗಳದ್ದು ನನಗೆ ಗೊತ್ತಿಲ್ಲ.

ಮಂಗಾ ನೋಡಿ ಒಂದೆರಡು ವಾರವಾಗಿರಬೇಕು, ಏನೋ ಕೆಲಸಕ್ಕೆ ಲಿಂಗಸುಗೂರಿಗೆ ಹೋದವನು ಜ್ವರ ಬಂದು ಅಲ್ಲಿನ ಒಂದು ಆಸ್ಪತ್ರೆಗೆ ಹೋದೆ. ನನ್ನ ಹೆಸರು, ಊರು ಕೇಳಿ ಅಲ್ಲಿನ ನರ್ಸ್ ಕತ್ತೆತ್ತಿ ನೋಡಿದಳು. ಅಕ್ಕನ ಮಗಳು. ಕೂದಲು ನರೆತಿತ್ತು. ಹತ್ತನೇ ತರಗತಿ ಮುಗಿಸಿ, ನರ್ಸಿಂಗ್ ಓದಿ, ಕೆಲಸ ಸಿಕ್ಕ ಮೇಲೆ ಮದುವೆಯಾದಳಂತೆ. ಪ್ರೀತಿ ಪ್ರೇಮ ಏನಿಲ್ಲ, ಒಂದೇ ದಿನದಲ್ಲಿ ನೋಡಿ ನಿಶ್ಚಯ ಮಾಡಿದ್ದು ಎಂದು ನಕ್ಕಳು. ಆ ಧಾರಾವಾಹಿಯ ಬಗ್ಗೆ ಕೇಳಿದೆ. “ಯಾವ ಕಥಿ ರೀ? ಅವ್ವ ಏನೇನೋ ಓದ್ತಿದ್ಲು” ಎಂದಳು. ಹಾಗಾದರೆ ನನಗೊಬ್ಬನಿಗೇ ನೆನಪಿದೆ, ನನ್ನ ನೆನಪನ್ನು ನಾನೇ ನಂಬುವುದಿಲ್ಲ.

“ಅಕ್ಕ ಹೆಂಗದಾರ?” ಎಂದೆ.

“ಹೋಗಿ ಐದು ವರ್ಷ ಆತು ರೀ.” ನನ್ನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತುತ್ತಿದ್ದಳು. “ಮಾಮ ಬಂದಿದ್ದ.”

ನಮ್ಮಲ್ಲಿ ಮುತ್ತೈದೆ ತೀರಿಕೊಂಡರೆ ತವರಿನವರು ಸೀರೆ ತರಬೇಕು. ಅದು ಬರುವವರೆಗೆ ಹೆಣ ಎತ್ತುವುದಿಲ್ಲ.

“ಬಿಸಲು ಏರಿತ್ತು. ಎಲ್ಲಾರೂ ಇನ್ನ ಎತ್ತೂಣು, ಅವ ಬರಂಗಿಲ್ಲ ಅಂದ್ರು. ನಾನ ಬಿಡ್ಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದ ರೀ, ಸೀರಿ ತಗೊಂಡು. ಯಾರ ಜೊತಿನೂ ಮಾತಾಡ್ಲಿಲ್ಲ. ಮೈಮ್ಯಾಲೆ ಹೊದಿಸಿದ, ಮಣ್ಣು ಮುಗಿಸಿಕೊಂಡು ವಾಪಸ್ ಹೋದ.”

ಪಟ್ಟಿ ಬಿಗಿಯಾಯಿತು, ಸಡಿಲವಾಯಿತು. ಅವಳು ಚೀಟಿಯ ಮೇಲೆ ಏನೋ ಬರೆದು, “ಕೈ ಕೆಳಗ ಇಳಿಸ್ರಿ” ಎಂದಳು. ಇಳಿಸಿದೆ.