ಸೊನ್ನೆ ಬಿಲ್ಲಿನ ಮನೆ

ಸರಕಾರ ಕರೆಂಟು ಪುಕ್ಕಟೆ ಕೊಡಲು ಶುರು ಮಾಡಿದ ಮೇಲೆಯೇ ಸಿಂಧನೂರಿನ ನಮ್ಮ ಮನೆಯಲ್ಲಿ ಕತ್ತಲೆ ಕವಿದದ್ದು. ಅದಕ್ಕೂ ಮೊದಲು ದುಡ್ಡು ಕೊಟ್ಟು ಆರಾಮಾಗಿ ಉರಿಸುತ್ತಿದ್ದೆವು. ಪುಕ್ಕಟೆ ಎಂದರೂ ಅದಕ್ಕೊಂದು ಮಿತಿ ಇತ್ತು. ಹಿಂದೆ ತಿಂಗಳಿಗೆ ಎಷ್ಟು ಬಳಸುತ್ತಿದ್ದೆವೋ ಅದಕ್ಕಿಂತ ತುಸು ಹೆಚ್ಚಿನವರೆಗೆ ಬಿಲ್ಲು ಸೊನ್ನೆ. ದಾಟಿದರೆ ಕೈಯಿಂದ ಕೊಡಬೇಕು. ನಮ್ಮ ಯಜಮಾನರು ಆ ಮಿತಿಯನ್ನು ದಾಟುವುದಿರಲಿ, ಅದರ ಹತ್ತಿರಕ್ಕೂ ಯಾರನ್ನೂ ಬಿಡಲಿಲ್ಲ.

ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಅಲ್ಲಿ ಮಟಮಟ ಮಧ್ಯಾಹ್ನವೂ ಸಾಲುಸಾಲಾಗಿ ಲೈಟು ಉರಿಯುತ್ತವೆ. ಇಲ್ಲದಿದ್ದರೆ ಗಿರಾಕಿಗಳಿಗೆ ಸೀರೆಯ ಬಣ್ಣ ತಿಳಿಯುವುದಿಲ್ಲವಂತೆ. ಅಷ್ಟು ಬೆಳಕಿನಿಂದ ಎದ್ದು ಬಂದ ನಮ್ಮವರು ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಸ್ವಿಚ್ಚುಗಳ ಕಡೆ ಕಣ್ಣು ಹಾಯಿಸುತ್ತಿದ್ದರು. ದೇವರ ಕೋಣೆಯ ಬಲ್ಬು ತೆಗೆದರು, ದೇವರಿಗೆ ಎಣ್ಣೆ ದೀಪ ಸಾಕೆಂದು. ಬಚ್ಚಲಿನದನ್ನು ತೆಗೆದರು, ಅಲ್ಲಿ ನೋಡುವಂಥದ್ದೇನಿದೆ ಎಂದು. ಕೂಲರು ಅಟ್ಟ ಹತ್ತಿತು. ಎಲ್ಲರ ಮೊಬೈಲುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅಂಗಡಿಯಲ್ಲಿ ಚಾರ್ಜ್ ಮಾಡಿ ತರತೊಡಗಿದರು.

“ಅಂಗಡಿ ಮೀಟರಿಗೆ ದರ ಜಾಸ್ತಿ ಅಲ್ಲೇನ್ರಿ?” ಎಂದು ಕೇಳಿದೆ.

“ಅದು ಧಂದೇದ ಖರ್ಚು. ಇದು ಮನಿ ಖರ್ಚು. ಎರಡೂ ಬ್ಯಾರೆ ಬ್ಯಾರೆ,” ಎಂದರು.

ಕೊನೆಗೆ ಫ್ರಿಜ್ಜಿನ ಸರದಿ. ನನಗೆ ಸಂಕಟವಾಯಿತು, ಆದರೆ ಗುರುಗುಂಟಾದ ಕಡೆಯವರಾದ ನಮ್ಮ ಅತ್ತೆ ಸಂತೋಷಪಟ್ಟರು. “ಬಾಗಿಲಾ ಗಟ್ಟಿ ಐತಿ. ಇಲಿ ಹೋಗಂಗಿಲ್ಲ, ಧೂಳು ಹೋಗಂಗಿಲ್ಲ,” ಎಂದು ತಮ್ಮ ರೇಷ್ಮೆ ಸೀರೆಗಳನ್ನೆಲ್ಲ ಅದರಲ್ಲಿ ಜೋಡಿಸಿ, ನಡುನಡುವೆ ನುಸಿಗುಳಿಗೆ ಇಟ್ಟರು. ನಮ್ಮ ಮಗಳು ಬಿ.ಎಡ್ ಮುಗಿಸಿ ಊರಿನ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಮಕ್ಕಳ ಉತ್ತರಪತ್ರಿಕೆಗಳನ್ನು ಸಂಜೆ ಅಂಗಳದಲ್ಲಿ ಬೀದಿದೀಪದ ಬೆಳಕಿಗೆ ಕೂತು ತಿದ್ದುತ್ತಿದ್ದಳು. ಅದನ್ನು ಕಂಡ ಅವಳಪ್ಪ, “ನೋಡು, ಜಾಣಿ,” ಎಂದು ಹೆಮ್ಮೆಪಟ್ಟರು.

ಆ ಬೇಸಿಗೆಯಲ್ಲಿ ಮಸ್ಕಿಯಿಂದ ಅವಳನ್ನು ನೋಡಲು ಬಂದರು. ಹುಡುಗ, ಅವನ ತಂದೆ, ತಾಯಿ ಮೂವರೇ. ಬಸ್ಸು ಇಳಿದು ಉರಿಬಿಸಿಲಲ್ಲಿ ನಡೆದು ಬಂದಿದ್ದರು. ಪಡಸಾಲೆಯ ಫ್ಯಾನನ್ನು ನಮ್ಮವರು ಎಲ್ಲಕ್ಕಿಂತ ಕಡಿಮೆ ನಂಬರಿಗೆ ಇಟ್ಟಿದ್ದರು. ಅದರ ರೆಕ್ಕೆಗಳನ್ನು ಕೂತಲ್ಲಿಂದಲೇ ಎಣಿಸಬಹುದಿತ್ತು.

ಹುಡುಗನ ತಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದು, “ತಣ್ಣನ ನೀರಿದ್ರ ಕೊಡ್ರಿ ಅಕ್ಕಾರ,” ಎಂದವರೇ, ನಾನು ತಡೆಯುವಷ್ಟರಲ್ಲಿ ಫ್ರಿಜ್ಜಿನ ಬಾಗಿಲು ತೆರೆದರು. ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಬಾಟಲಿ ಇರಬೇಕಾದಲ್ಲಿ ಅತ್ತೆಯ ಧಾರೆ ಸೀರೆ ಕೂತಿತ್ತು. ನಾನು ನಾಚಿಕೆಯಿಂದ ನೆಲ ನೋಡಿದೆ.

ಹಿಂದೆಯೇ ಬಂದ ನಮ್ಮವರಿಗೆ ನಾಚಿಕೆಯ ಸುಳಿವೂ ಇರಲಿಲ್ಲ. “ಬಂದ್ ಮಾಡೀವ್ರಿ. ಬಿಲ್ಲು ಸೊನ್ನಿ ಬರತೈತಿ,” ಎಂದರು.

ಇನ್ನು ಈ ಸಂಬಂಧ ಮುಗಿಯಿತು ಅಂದುಕೊಂಡೆ. ಆದರೆ ಹುಡುಗನ ತಂದೆ ಸೋಫಾದಿಂದ ಎದ್ದು ಓಡಿಬಂದರು. ಫ್ರಿಜ್ಜಿನೊಳಗೆ ಇಣುಕಿ, ನಮ್ಮವರ ಕೈ ಹಿಡಿದುಕೊಂಡರು. “ಭೇಷ್ ರೀ! ನನಗ ಇದು ಹೊಳೀಲೇ ಇಲ್ಲ ನೋಡ್ರಿ!”

ಅಲ್ಲಿಂದ ಇಬ್ಬರೂ ಹೆಣ್ಣು ಗಂಡು ಎರಡನ್ನೂ ಮರೆತರು. ಟಿವಿಯ ಕೆಂಪು ದೀಪ ಎಷ್ಟು ಕರೆಂಟು ತಿನ್ನುತ್ತದೆ, ಇಸ್ತ್ರಿ ಬದಲು ಅಂಗಿಯನ್ನು ಹಾಸಿಗೆಯಡಿ ಇಟ್ಟರೆ ಹೇಗೆ ಎಂದೆಲ್ಲ ಮಾತಾಯಿತು. ನಮ್ಮ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಪ್ರೀತಿಯಿಂದ ಯಾರೊಂದಿಗೂ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

“ನಾವು ನೀರಿನ ಮೋಟಾರ ಹಚ್ಚೂದ ಬಿಟ್ಟೀವ್ರಿ,” ಎಂದರು ಮಸ್ಕಿಯವರು. “ಹಿತ್ತಲದಾಗ ಬಾವಿ ಐತಿ. ಈಗ ಇಕಿ ಒಬ್ಬಾಕಿನ ಸೇದತಾಳ. ಸೊಸಿ ಬಂದ್ಲಂದ್ರ ಇಬ್ಬರಾಗತಾರ.”

“ಬರೋಬ್ಬರಿ!” ಎಂದರು ನಮ್ಮವರು.

ಹುಡುಗನ ತಾಯಿ ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳು ಇದೆಲ್ಲ ಕೇಳಿದ್ದಳು. ಪಡಸಾಲೆಗೆ ಹೋಗಿ ತಟ್ಟೆ ಇಟ್ಟು, ಫ್ಯಾನನ್ನು ಪೂರ್ತಿ ಜೋರು ಮಾಡಿ, ಹುಡುಗನನ್ನು ಕೇಳಿದಳು: “ನಿಮ್ಮ ಮನ್ಯಾಗ ಫ್ಯಾನು ಯಾರು ಹಚ್ಚತಾರ್ರಿ?”

ಅವನು ಅಡುಗೆಮನೆಯ ಕಡೆ ನೋಡಿದ. “ಅಪ್ಪಾರನ್ನ ಕೇಳಬೇಕಾಗತೈತ್ರಿ,” ಎಂದ.

ಮಗಳು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಅವಳು ಒಲ್ಲೆ ಎಂದದ್ದಕ್ಕೆ ನಮ್ಮವರು ಊಟ ಬಿಡುವಷ್ಟು ನೊಂದರು. ಇಂಥ ಮನೆತನ ಮತ್ತೆಲ್ಲಿ ಸಿಗುತ್ತದೆ ಎಂದು ಕೊರಗಿದರು. ಅತ್ತೆಗೆ ಸಾಕಾಯಿತು. “ನಿನಗ ಛಲೋ ಬೀಗ ಸಿಕ್ಕಿದ್ದನಪಾ, ಖರೆ. ಆದ್ರ ಅಕಿಗೆ ಗಂಡ ಸಿಗಬೇಕಲ್ಲ?” ಎಂದರು.

ಮಗಳು ಅಪ್ಪನ ಎದುರು ಕೂತು, ದನಿ ಏರಿಸದೆ ಹೇಳಿದಳು: “ಅಪ್ಪಾ, ಅವರು ನನ್ನನ್ನ ಮೋಟಾರಿನ ಬದಲಿ ಲೆಕ್ಕ ಹಾಕಿದ್ರು. ನೀವು ಬರೋಬ್ಬರಿ ಅಂದ್ರಿ.”

ಅವರು ಎದ್ದು ಹೋಗಿ ಏಣಿ ತಂದು ಅಟ್ಟದ ಕೂಲರು ಇಳಿಸಿದರು. ಕ್ಷಮಿಸು ಎಂಬ ಮಾತು ಅವರಿಂದ ಬರುವುದಿಲ್ಲ. ಕೂಲರಿಗೆ ನೀರು ತುಂಬಿದ್ದು ಅವರೇ.

ಶ್ರಾವಣ ಕಳೆದು ಲಿಂಗಸುಗೂರಿನಿಂದ ಇನ್ನೊಂದು ಸಂಬಂಧ ಬಂತು. ಹುಡುಗನದು ಔಷಧಿ ಅಂಗಡಿ. ಈ ಸಲ ತಪ್ಪಾಗಬಾರದೆಂದು ನಮ್ಮವರು ಹಾಡಹಗಲೇ ಮನೆಯ ಎಲ್ಲ ಲೈಟು ಹಾಕಿದರು. ಬಲ್ಬು ಇಲ್ಲದ ಕಡೆ ಹೊಸದು ತಂದು ಹಚ್ಚಿದರು. ಮೋಡ ಕವಿದು ತಂಪಾಗಿದ್ದರೂ ಫ್ಯಾನು, ಕೂಲರು ಎರಡೂ ಒಟ್ಟಿಗೇ ಗರಗರ ಅನ್ನುತ್ತಿದ್ದವು. ಬಂದವರು ಸೆರಗು, ಟವೆಲ್ಲು ಹೊದ್ದುಕೊಂಡು ಕೂತರು.

ಹುಡುಗನ ತಂದೆ ಕಣ್ಣಿಗೆ ಕೈ ಅಡ್ಡ ಹಿಡಿದು, “ಯಜಮಾನ್ರ, ತಪ್ಪು ತಿಳೀಬ್ಯಾಡ್ರಿ, ಆ ಲೈಟೊಂದೀಟು ಆರಿಸ್ತೀರೇನು?” ಎಂದರು.

“ಇರಲಿ ಬಿಡ್ರಿ, ನಮ್ಮಲ್ಲಿ ಯಾವಾಗಲೂ ಹಿಂಗ,” ಎಂದರು ನಮ್ಮವರು. ಅತ್ತೆಗೆ ಕೆಮ್ಮು ಬಂತು.

ಹುಡುಗ ಮಗಳನ್ನು ಕೇಳಿದ: “ದಿನಾ ಹಿಂಗ ಉರಿಸತೀರೇನ್ರಿ?”

“ಇಲ್ರಿ. ನೀವು ಹೋದ ಮ್ಯಾಲೆ ಎಲ್ಲಾ ಆರಿಸತಾರ.”

ಅವನು ನಕ್ಕ ನಗೆಗೆ ಅವಳೂ ನಕ್ಕಳು. ಸಂಬಂಧ ಅಲ್ಲೇ ಗಟ್ಟಿಯಾಯಿತು ಎಂದು ನನಗೆ ಆಗಲೇ ಅನಿಸಿತ್ತು. ಕಾರ್ತೀಕದಲ್ಲಿ ಮದುವೆ ಮಾಡಿಕೊಟ್ಟೆವು.

ಮೊನ್ನೆ ಲಿಂಗಸುಗೂರಿಗೆ ಮಗಳನ್ನು ನೋಡಲು ಹೋಗಿದ್ದೆವು. ಒಳಕೋಣೆಯಲ್ಲಿ ಯಾರೂ ಇರಲಿಲ್ಲ, ಫ್ಯಾನು ಮಾತ್ರ ತಿರುಗುತ್ತಿತ್ತು. ನಮ್ಮವರ ಕೈ ಸ್ವಿಚ್ಚಿನವರೆಗೂ ಹೋಯಿತು. ಬೀಗರ ಮನೆ ಎಂಬುದು ನೆನಪಾಗಿ ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಮಾತು ತೆಗೆದೆ.

“ಮಗಳು ಆರಾಮ ಅದಾಳಲ್ರಿ?” ಎಂದೆ.

“ಆರಾಮ ಅದಾಳ,” ಎಂದು ಕಿಟಕಿಯಾಚೆ ನೋಡಿದರು. ಊರು ಹತ್ತಿರವಾಗುತ್ತಿದ್ದಂತೆ ನನ್ನ ಕಡೆ ತಿರುಗಿದರು. “ಆದ್ರ ಆ ಫ್ಯಾನು ಯಾರ ಸಲುವಾಗಿ ತಿರಗಾಕತ್ತಿತ್ತು?”