ಕಿರೀನೊ ಆರಿಸಿದ ಏಡಿಗಳು

ದೊನ್ ಕಿರೀನೊನಿಗೆ ಇರುವುದು ಬಲಗಣ್ಣೊಂದೇ. ಎಡಗಣ್ಣನ್ನು ಅವನು ಸಾಕಿದ ಹುಂಜವೇ ಕಾಲಿನ ಮುಳ್ಳಿನಿಂದ ಕಿತ್ತಿತ್ತು. ಮುಖದ ತುಂಬ ರಕ್ತ ಸುರಿಯುತ್ತಿದ್ದರೂ ಆ ಹುಂಜವನ್ನು ಎದೆಗವಚಿಕೊಂಡು, "ನೋಡ್ರೋ, ಸಾಕಿದೋನಿಗೂ ಹೆದರಲ್ಲ ನನ್ನ ಮಗ!" ಎಂದು ಇಡೀ ಮೊಂತೆಕ್ರಿಸ್ತಿ ಊರಿಗೆ ಕೇಳುವಂತೆ ಕೂಗಿದ ಪುಣ್ಯಾತ್ಮ. ನಾನು ಅವನ ಅಂಗಡಿಯ ಮುಂದೆಯೇ ಇಪ್ಪತ್ತೆರಡು ವರ್ಷದಿಂದ ಮೀನು ಕರಿದು ಮಾರುತ್ತಿರುವವಳು. ಅವನ ಹುಚ್ಚು ನನಗೆ ಹೊಸದಲ್ಲ.

ಹಿಂದೆ ಸರಿಯದವನೇ ಗಂಡು, ಅಷ್ಟೇ ಅವನ ಲೆಕ್ಕ. ಹುಂಜವನ್ನೂ ನಾಯಿಯನ್ನೂ ಹಾಗೆ ಆರಿಸಿದ. ಅಳಿಯನನ್ನೂ ಹಾಗೆಯೇ ಆರಿಸಿದ. ಕೋಳಿ ಅಂಕದಲ್ಲಿ ರಮೀರೊ ಎಂಬವನು ಒಡೆದ ಬಾಟಲಿ ಹಿಡಿದು ಮೂವರನ್ನು ಅಟ್ಟಿದ್ದನ್ನು ಕಂಡು, ಅಲ್ಲಿಂದಲೇ ಮನೆಗೆ ಕರೆತಂದು ರಮ್ ಕುಡಿಸಿ, ಇದ್ದ ಒಬ್ಬಳೇ ಮಗಳು ನೆರೈದಾಳನ್ನು ಕೊಟ್ಟ.

ಎರಡು ವರ್ಷಕ್ಕೆ ಅವಳು ಮುಂದಿನ ಹಲ್ಲು ಮುರಿಸಿಕೊಂಡು, ಕಣ್ಣು ಊದಿಸಿಕೊಂಡು ವಾಪಸು ಬಂದಳು. ಅಪ್ಪನೋ, "ಗಂಡಸು ಅಂದಮೇಲೆ ಬಿಸಿ ಇರುತ್ತೆ. ಭಾನುವಾರ ಬಂದು ಕರ್ಕೊಂಡು ಹೋಗು ಅಂತ ಹೇಳಿ ಕಳಿಸಿದೀನಿ," ಎಂದ.

"ಈ ಸಲ ಹೋದ್ರೆ ನನ್ನ ಹೆಣಾನೇ ಬರೋದು ಅಪ್ಪ."

ಅವನು ಹುಂಜದ ತೊಡೆಗೆ ಎಣ್ಣೆ ತಿಕ್ಕುತ್ತಾ ಕೂತ.

ಅಂಗಡಿಯಲ್ಲಿ ಸಮುದ್ರದ ನೀರು ತುಂಬಿದ ಗಾಜಿನ ತೊಟ್ಟಿಯೊಂದಿತ್ತು. ನೆರೈದಾ ಚಿಕ್ಕವಳಿದ್ದಾಗ ಮಾಡಿಕೊಂಡದ್ದು. ಅವಳು ಮದುವೆಯಾಗಿ ಹೋದಮೇಲೆ ಪಾಚಿ ಕೂದಲಿನ ಹಾಗೆ ಬೆಳೆದು ಒಳಗಿನ ಕಲ್ಲೇ ಕಾಣದಂತಾಗಿತ್ತು. ಸುಮ್ಮನೆ ಕೂರಲಾರದೆ ಅವಳು ಮಂಗಳವಾರ ಬಂಡೆಗಳ ಕಡೆ ಹೋಗಿ ಕಡಲೆಕಾಳಿನ ಗಾತ್ರದ ಬಸವನಹುಳುಗಳನ್ನೂ, ಸತ್ತ ಹುಳುಗಳ ಚಿಪ್ಪಿನಲ್ಲಿ ವಾಸಮಾಡುವ ಉಗುರಿನಷ್ಟು ಚಿಕ್ಕ ಸನ್ಯಾಸಿ ಏಡಿಗಳನ್ನೂ ಒಂದೊಂದಾಗಿ ನೋಡಿ ಆರಿಸಿ ತಂದು, ಪಾಚಿ ತಿನ್ನಲಿ ಎಂದು ತೊಟ್ಟಿಗೆ ಬಿಟ್ಟಳು.

ಕಿರೀನೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವು ಪಾಚಿ ತಿನ್ನೋದಾ? ಪಾಚಿಯೇ ಇವುಗಳನ್ನ ತಿನ್ನುತ್ತೆ!"

"ದೊಡ್ಡವು ಮಾಂಸಕ್ಕೆ ಬಾಯಿ ಹಾಕ್ತಾವೆ ಅಪ್ಪ. ಪಾಚಿ ಮೂಸಿನೂ ನೋಡಲ್ಲ."

ಕೇಳುವವನೇ ಅವನು? ಮುಷ್ಟಿ ಗಾತ್ರದ ಸನ್ಯಾಸಿ ಏಡಿಗಳನ್ನು ಹತ್ತು ಹನ್ನೆರಡು ಹಿಡಿದು ತಂದ. ಹುಂಜಗಳನ್ನು ಪರೀಕ್ಷಿಸುವ ಹಾಗೆಯೇ ಬಕೆಟ್ಟಿನಲ್ಲಿ ಎರಡೆರಡನ್ನು ಮುಖಾಮುಖಿ ಬಿಟ್ಟ. ಹಿಂದೆ ಸರಿಯದ ಮೂರನ್ನು ತೊಟ್ಟಿಗೆ ಹಾಕಿದ.

ಶುಕ್ರವಾರದೊಳಗೆ ಒಂದು ಬಸವನಹುಳುವೂ ಉಳಿಯಲಿಲ್ಲ. ಚಿಕ್ಕ ಏಡಿಗಳ ಕಾಲುಗಳು ಮರಳಿನ ಮೇಲೆ ಚೂರುಚೂರಾಗಿ ಬಿದ್ದಿದ್ದವು. ಆಮೇಲೆ ಆ ಮೂರೂ ಒಂದಕ್ಕೊಂದು ತಿರುಗಿಬಿದ್ದವು. ಶನಿವಾರ ಉಳಿದದ್ದು ಎರಡು. ಪಾಚಿ ಮಾತ್ರ ಇದ್ದಷ್ಟೇ ಇತ್ತು.

"ನೋಡಿದ್ಯಾ ಹೊಡೆತಾನ!" ಎಂದು ಕಿರೀನೊ ತೊಡೆ ತಟ್ಟಿದ.

"ನೋಡಿದೆ ಮಾರಾಯ," ಎಂದೆ. "ಪಾಚಿ ಯಾರು ತಿಂತಾರೆ, ನಿಮ್ಮಪ್ಪನಾ?"

ಭಾನುವಾರ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ರಮೀರೊ ಬಂದ. ಮಾವನಿಗೆ ನಮಸ್ಕಾರವಿಲ್ಲ, ಏನಿಲ್ಲ. ನೆರೈದಾ ತೊಟ್ಟಿಯ ಹಿಂದೆ ಅವಿತಳು. ಅವನು ಅವಳ ಜುಟ್ಟು ಹಿಡಿದು ಎಳೆದ ರಭಸಕ್ಕೆ ಹಣೆ ಗಲ್ಲಾಪೆಟ್ಟಿಗೆಯ ಅಂಚಿಗೆ ಬಡಿದು ಗಾಜಿನ ಮೇಲೆಲ್ಲ ರಕ್ತ ಚಿಮ್ಮಿತು. ಆ ರಕ್ತದ ಆಚೆ, ತೊಟ್ಟಿಯೊಳಗೆ, ಒಂದು ಏಡಿ ಇನ್ನೊಂದನ್ನು ಚಿಪ್ಪಿನಿಂದ ಹೊರಗೆಳೆಯುತ್ತಿತ್ತು. ಎಳೆಸಿಕೊಳ್ಳುವ ಏಡಿಯ ಬೆತ್ತಲೆ ಹೊಟ್ಟೆ ಮೆತ್ತಗೆ, ಬೆಳ್ಳಗೆ ಇತ್ತು. ಕಿರೀನೊ ತನ್ನ ಒಂದೇ ಕಣ್ಣಿನಿಂದ ಅದನ್ನು ನೋಡಿದ, ಮಗಳನ್ನು ನೋಡಿದ.

"ಬಿಡೋ ಅವಳನ್ನ."

"ನೀವೇ ಕೊಟ್ಟಿದ್ದಲ್ವಾ ಮಾವ?"

ಕಿರೀನೊ ಬಾಗಿಲಿನ ಅಗುಳಿ ಎತ್ತಿ ಅವನ ಭುಜಕ್ಕೆ ಬಾರಿಸಿದ. ರಮೀರೊ ಅದನ್ನೇ ಕಿತ್ತುಕೊಂಡು ಮುದುಕನ ಮಣಿಕಟ್ಟು ಮುರಿದ, ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದ, ಮತ್ತೆ ಒದ್ದ. ನನಗೆ ತಡೆಯಲಾಗಲಿಲ್ಲ. ಮೀನು ಕರಿಯುತ್ತಿದ್ದ ಬಾಣಲೆಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ನುಗ್ಗಿ ಕಾದ ಎಣ್ಣೆಯನ್ನು ರಮೀರೊನ ಕಾಲಿಗೆ ಸುರಿದೆ. ಅದರಲ್ಲಿದ್ದ ಎರಡು ಮೀನೂ ಎಣ್ಣೆಯ ಜೊತೆಗೇ ಹೋದವು. ಅವನು ಅರಚಿಕೊಂಡು ತೆವಳುತ್ತಾ ಬೀದಿಗೆ ಬಿದ್ದ. ಪೊಲೀಸರು ಅವನನ್ನು ಅಲ್ಲಿಂದಲೇ ಎತ್ತಿಕೊಂಡು ಹೋದರು. ಅವನ ಮೇಲೆ ನನಗೆ ಅಯ್ಯೋ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಎರಡು ವಾರದ ನಂತರ, ನೀರಿಳಿತದ ಹೊತ್ತಿನಲ್ಲಿ, ಅಪ್ಪ ಮಗಳು ಬಂಡೆಗಳ ಮೇಲೆ ಕೂತಿದ್ದರು. ಅವಳ ಹಣೆಗೆ ಹೊಲಿಗೆ, ಅವನ ಕೈಗೆ ಪಟ್ಟಿ. ಕೊನೆಗುಳಿದ ಏಡಿಯನ್ನು ಅವನೇ ಬಕೆಟ್ಟಿನಲ್ಲಿ ತಂದು ಸಮುದ್ರಕ್ಕೆ ಬಿಟ್ಟ. ನಾನು ಅವರಿಗೆ ಊಟ ತೆಗೆದುಕೊಂಡು ಹೋಗಿದ್ದೆ.

ಕಿರೀನೊ ನೀರಿನಿಂದ ಒಂದು ಬಸವನಹುಳು ಎತ್ತಿ, ಒಂಟಿ ಕಣ್ಣಿನ ಹತ್ತಿರ ಹಿಡಿದು ನೋಡಿ, ಅಂಗೈ ಚಾಚಿದ.

"ಇದು ತೊಟ್ಟಿಗೆ ಆಗುತ್ತಾ ಮಗಳೇ?"

ಅವನು ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನೆರೈದಾ ಅದನ್ನು ತಿರುಗಿಸಿ ನೋಡಿದಳು.

"ಇಲ್ಲ ಅಪ್ಪ. ದೊಡ್ಡದಾಯ್ತು."

ಅವನು ಅದನ್ನು ವಾಪಸು ನೀರಿಗೆ ಬಿಟ್ಟು, ಇನ್ನೊಂದನ್ನು ಹುಡುಕತೊಡಗಿದ.