ಮೊಣಕಾಲಿನ ಸಾಕ್ಷಿ

ನನ್ನ ಮೊಣಕಾಲು ವಾಸಿಯಾಯಿತು ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅದು ಸುಳ್ಳು. ಅದನ್ನು ಹೊತ್ತುಕೊಂಡು ನಾಲ್ಕು ತಿಂಗಳು ತಿರುಗಿದೆ. ಸಾಕಾಗಿ ಹೋಯಿತು.

ನಮ್ಮ ಕನ್ನಡ ಕ್ರೈಸ್ತರ ಸಭೆ ಕೂಡುವುದು ಪುಣೆಯ ಕೊಂಢವಾದಲ್ಲಿ, ಒಂದು ಸಿಮೆಂಟಿನ ಅಂಗಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ನಾನು ಒಂದು ಮೆಸ್ಸಿನಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು. ಮೊಣಕಾಲು ಅಲ್ಲಿಯೇ ಸವೆದವು.

ಆ ಭಾನುವಾರ ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ, "ಕೋಲ ಬಿಟ್ಟು ನಡೀರಿ ಅಜ್ಜಿ" ಎಂದರು. ನಡೆದೆ. ನೋವಿರಲಿಲ್ಲ. ಮನೆ ಬಿಡುವಾಗ ನೋವಿನ ಗುಳಿಗೆ ಎರಡು ನುಂಗಿದ್ದೆ. ಅದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು. ಮೈಕು ಕೈಗೆ ಬಂದಾಗ ಗುಳಿಗೆಯ ಸುದ್ದಿ ತೆಗೆಯಲಿಲ್ಲ. "ಕರ್ತ ನನ್ನ ಕಾಲು ವಾಸಿ ಮಾಡ್ಯಾನ್ರಿ" ಎಂದೆ. ಜನ ಚಪ್ಪಾಳೆ ಹೊಡೆದರು. ಸಂಜೆಯ ಹೊತ್ತಿಗೆ ನೋವು ತಿರುಗಿ ಬಂತು.

ಸೈತಾನ ಕೋಡು ಹಚ್ಚಿಕೊಂಡು ಬಂದಿದ್ದರೆ ಗುರುತು ಹಿಡಿಯುತ್ತಿದ್ದೆ. ಅವನು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿ ಕೊಟ್ಟ. ಅದಕ್ಕೂ ಮೊದಲು ನಾನು ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂಡುತ್ತಿದ್ದೆ. ಈಗ ಮೊದಲ ಚಹಾ ನನಗೆ. ಹೆಂಗಸರು ಬಂದು ತಲೆ ಬಾಗಿಸಿ, ಪ್ರಾರ್ಥನೆ ಮಾಡ್ರಿ ಅನ್ನುವರು. ರೊಟ್ಟಿ ಎಷ್ಟಾದವು ಎಂಬುದರ ಹೊರತು ಜನ್ಮದಲ್ಲಿ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಇದೆಲ್ಲ ದೇವರ ಮಹಿಮೆಗೆ ತಾನೆ, ನನ್ನದೇನು ಹೋಯಿತು ಎಂದುಕೊಂಡೆ. ಭಾನುವಾರ ಬಂತೆಂದರೆ ಕೋಲು ಬಾಗಿಲ ಹಿಂದೆ, ಗುಳಿಗೆ ಹೊಟ್ಟೆಯೊಳಗೆ. ಹೊಟ್ಟೆ ಉರಿಯುತ್ತಿತ್ತು. ಆದರೂ ಬಿಡಲಿಲ್ಲ.

ಸಭೆಯಲ್ಲಿ ನನ್ನ ಪಕ್ಕ ಕೂಡುವವಳೊಬ್ಬಳು, ನನಗಿಂತ ಚಿಕ್ಕವಳು. ಅವಳಿಗೆ ಸಕ್ಕರೆ ರೋಗ. ಕಾಲಿನಲ್ಲಿ ಗಾಯ, ದಿನಕ್ಕೆ ಎರಡು ಸಲ ಹೊಟ್ಟೆಗೆ ಸೂಜಿ. ಒಂದು ಶನಿವಾರ ಅವಳ ಸೊಸೆ ನನ್ನ ಬಾಗಿಲಿಗೆ ಬಂದಳು.

"ಅಜ್ಜಿ, ನಮ್ಮತ್ತಿ ಸೂಜಿ ಬಿಟ್ಟು ನಾಕು ದಿನಾ ಆತ್ರಿ. ಆ ಅಕ್ಕನ ಕಾಲು ಗುಣಾ ಆತು, ನನ್ನ ಸಕ್ಕರಿ ಹೋಗಂಗಿಲ್ಲೇನು ಅಂತಾರ. ಡಾಕ್ಟರು ಹಿಂಗಾದ್ರ ಕಾಲು ತಗೀಬೇಕಾಗ್ತದ, ಜೀವಾನೂ ಹೋಗಬಹುದು ಅಂದಾರ್ರಿ."

ಕೂಡಲೇ ಹೋದೆ. ಅತ್ತೆ ಅಡಿಗೆಮನೆಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದಳು.

"ಸೂಜಿ ತಗೋ" ಎಂದೆ.

"ಯಾಕ್ರಿ ಅಕ್ಕಾ, ಕರ್ತ ನಿಮಗೊಬ್ಬರಿಗೇ ಅಪ್ಪನೇನು?"

"ನನ್ನ ಕಾಲು ವಾಸಿ ಆಗಿಲ್ಲ. ಗುಳಿಗಿ ನುಂಗಿ ನಡೀತೀನಿ."

ಅವಳು ನಕ್ಕಳು. "ಸೊಸಿ ಕಲಿಸಿ ಕಳಿಸ್ಯಾಳ. ಮೈಕಿನ್ಯಾಗ ಹೇಳಿದ್ದು ಸುಳ್ಳು, ಅಡಿಗಿಮನ್ಯಾಗ ಹೇಳಿದ್ದು ಖರೆ ಅಂತ ಹೆಂಗ ನಂಬಲ್ರಿ?"

ರಿಕ್ಷಾದಲ್ಲಿ ವಾಪಸ್ ಬರುವಾಗ, ಹೇಳಿದ್ದಾಯಿತು, ಕೇಳದಿದ್ದರೆ ಅವಳ ಹಣೆಬರಹ, ಅನ್ನಿಸಿತು. ಭಾಳ ಹಗುರ ಅನ್ನಿಸಿತು. ಆ ಹಗುರವನ್ನು ನಾಲ್ಕು ತಿಂಗಳಿಂದ ಬಲ್ಲೆ. ಅದೂ ಸೈತಾನನದೇ ದನಿ.

ಮರುದಿನ ಗುಳಿಗೆ ನುಂಗಲಿಲ್ಲ. ಕೋಲು ಹಿಡಿದು ಹೋದೆ. ಮೆಟ್ಟಿಲಿನ ಮೇಲೆ ಎರಡು ಕಡೆ ಕೂತೆ. "ಕೋಲ್ಯಾಕ್ರಿ ಅಜ್ಜಿ?" ಎಂದವರನ್ನು ದಾಟಿ ಮೇಲೆ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತೆ. ನಮ್ಮ ಸಭೆಯ ಪಾಸ್ಟರು ಬಗ್ಗಿ ಹೇಳಿದರು: "ಅಮ್ಮಾ, ದೌಂಡದಿಂದ ಹೊಸಬರು ಬಂದಾರ. ನಿಮ್ಮ ಸಾಕ್ಷಿ ಇನ್ನೊಮ್ಮೆ ಹೇಳ್ರಿ, ಅವರ ನಂಬಿಕಿ ಗಟ್ಟಿ ಆಗ್ತದ."

ಮೈಕು ಕೊಟ್ಟರು. ಆಗಲೂ ಹಳೆಯದೇ ಮಾತು ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಅವಳ ಕಾಲಿನ ಗಾಯಕ್ಕೆ ಸುತ್ತಿದ ಬಟ್ಟೆಯ ಮೇಲೆ ಒಂದು ನೊಣ ಕೂತಿತ್ತು. ಅದನ್ನು ನೋಡುತ್ತಲೇ ಹೇಳಿದೆ.

"ನನ್ನ ಕಾಲು ವಾಸಿ ಆಗಿಲ್ರಿ. ಅವತ್ತು ಗುಳಿಗಿ ತಗೊಂಡು ಬಂದಿದ್ದೆ. ಅದನ್ನ ಮುಚ್ಚಿಟ್ಟು ಕರ್ತನ ಹೆಸರು ಹೇಳೀನಿ. ದೇವರಿಗೆ ವಾಸಿ ಮಾಡಾಕ ಬರ್ತದ, ನನಗ ಮಾಡಿಲ್ಲ. ನನ್ನ ನೋಡಿ ಯಾರೂ ಔಷಧ ಬಿಡಬ್ಯಾಡ್ರಿ."

ಚಪ್ಪಾಳೆ ಇಲ್ಲ. ಹಿಂದಿನಿಂದ ಯಾರೋ "ಮುದುಕಿಗೆ ಅರಳು ಮರಳು" ಎಂದರು. ಪಾಸ್ಟರು ಮೈಕು ತೆಗೆದುಕೊಂಡು ಹಾಡು ಶುರು ಮಾಡಿದರು.

ಇಳಿಯುವಾಗ ಅವಳು ಮೆಟ್ಟಿಲ ಮೇಲೆ ನನ್ನನ್ನು ದಾಟಿದಳು. "ನಾಕು ತಿಂಗಳು ನನ್ನ ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಾ ಮಾಡಿದೆಲ್ಲ, ನಾಚಿಕಿ ಬರಲಿಲ್ಲೇನ ನಿನಗ?"

"ಬರಲಿಲ್ಲ. ಮನಿಗೆ ಹೋಗಿ ಸೂಜಿ ಚುಚ್ಚಿಕೋ."

ಸಂಜೆ ಸೊಸೆ ಫೋನು ಮಾಡಿದಳು. "ಚುಚ್ಚಿಕೊಂಡ್ರು ಅಜ್ಜಿ. ನಿಮ್ಮನ್ನ ಬೈಕೋಂತನ ಚುಚ್ಚಿಕೊಂಡ್ರು."

"ಬೈಲಿ ಬಿಡು" ಎಂದೆ.

ಈಗ ಮತ್ತೆ ಚಪ್ಪಲಿಯ ಹತ್ತಿರ ಕೂಡುತ್ತೇನೆ. ಪ್ರಾರ್ಥನೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಮುಂದಿನ ಕುರ್ಚಿ ಖಾಲಿ ಇದ್ದರೆ ಇವತ್ತಿಗೂ ಆಸೆಯಾಗುತ್ತದೆ, ಸುಳ್ಳೇಕೆ ಹೇಳಲಿ. ಅವಳು ಒಳಗೆ ಬಂದಾಗ ನಾನು ಮೊದಲು ಅವಳ ಪಾದ ನೋಡುತ್ತೇನೆ. ಗಾಯ ಒಣಗುತ್ತಿದೆ. ನನ್ನ ಜೊತೆ ಮಾತಿಲ್ಲ.